ಫ್ಯಾನಿನ ಹೊಟ್ಟೆಯೊಳಗಿನ ಆಲ್ಟರ್ನೇಟರ್

ಹಳೆಯ ಪೋರ್ಷೆ 911 ಕಾರಿನ ಹಿಂಬದಿಯ ಮುಚ್ಚಳ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ದೊಡ್ಡದೊಂದು ಫ್ಯಾನು. ಬ್ಯಾಟರಿಗೆ ಚಾರ್ಜು ತುಂಬುವ ಆಲ್ಟರ್ನೇಟರ್ ಇರುವುದು ಅದರ ನಟ್ಟನಡುವೆ, ಒಂದೇ ಶಾಫ್ಟಿನ ಮೇಲೆ. 1964ರಿಂದ 1998ರವರೆಗೆ ಬಂದ 911ಗಳ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇರಲಿಲ್ಲ, ಈ ಫ್ಯಾನಿನ ಗಾಳಿಯೇ ಗತಿ. 1980ರ ದಶಕದ ಕಾರುಗಳವರೆಗೂ ಒಂದೇ ಬೆಲ್ಟು ಫ್ಯಾನು, ಆಲ್ಟರ್ನೇಟರ್ ಎರಡನ್ನೂ ತಿರುಗಿಸುತ್ತಿತ್ತು. ಓಡುವಾಗ ಬ್ಯಾಟರಿಯ ಕೆಂಪು ದೀಪ ಹತ್ತಿತೆಂದರೆ ಬೆಲ್ಟೇ ತುಂಡಾಗಿರಬಹುದು. ಬೇರೆ ಕೆಲವು ಕಾರುಗಳಲ್ಲಾದರೆ ಹೇಗೋ ಮನೆ ಸೇರಬಹುದು, ಇಲ್ಲಿ ತಕ್ಷಣ ಎಂಜಿನ್ ಆಫ್ ಮಾಡಬೇಕು.

ಬದಲಿ ಆಲ್ಟರ್ನೇಟರ್ ಹುಡುಕುವವರ ತಲೆನೋವು ಶುರುವಾಗುವುದೂ ಇಲ್ಲಿಂದಲೇ. ಮಾಮೂಲಿ ಕಾರಿನಲ್ಲಿ ಆಲ್ಟರ್ನೇಟರ್ ಎಂಜಿನ್ ಪಕ್ಕದ ಬ್ರಾಕೆಟ್ಟಿನಲ್ಲಿ ಕೂತಿರುತ್ತದೆ. ಬೇರೆ ಗಾಡಿಯದನ್ನು ತಂದು, ಬ್ರಾಕೆಟ್ ತಿದ್ದಿ ಕೂರಿಸುವ ಮೆಕ್ಯಾನಿಕ್ಕುಗಳಿದ್ದಾರೆ. 911ರಲ್ಲಿ ಆ ಜಾಣ್ಮೆ ನಡೆಯದು. ಹೊರಮೈ ವ್ಯಾಸ ಫ್ಯಾನ್ ಹೌಸಿಂಗಿಗೆ ಹೊಂದಬೇಕು, ಶಾಫ್ಟಿನ ಉದ್ದ ಫ್ಯಾನಿಗೆ ಹೊಂದಬೇಕು.

ಅದಕ್ಕೇ, ಕೊಳ್ಳುವ ಮೊದಲು ಕೆಟ್ಟಿರುವುದೇನು ಎಂದು ನೋಡಿಕೊಳ್ಳಬೇಕು. ಆಲ್ಟರ್ನೇಟರಿನೊಳಗೆ ತಿರುಗುವುದು ಒಂದು ವಿದ್ಯುತ್ಕಾಂತ. ಎರಡು ಕಾರ್ಬನ್ ಬ್ರಷ್‌ಗಳು ಅದಕ್ಕೆ ತುಸು ಕರೆಂಟು ಉಣಿಸುತ್ತವೆ. ಅದು ತಿರುಗಿದಂತೆ ಸುತ್ತಲಿನ ವೈಂಡಿಂಗಿನಲ್ಲಿ ಮೂರು ಫೇಸಿನ ಎ.ಸಿ. ಹುಟ್ಟುತ್ತದೆ, ಡಯೋಡುಗಳು ಅದನ್ನು ಡಿ.ಸಿ. ಮಾಡುತ್ತವೆ. ಎಂಜಿನ್ ಎಷ್ಟೇ ಜೋರಾಗಿ ತಿರುಗಲಿ, ರೆಗ್ಯುಲೇಟರ್ ಕಾಂತಕ್ಕೆ ಹೋಗುವ ಕರೆಂಟನ್ನು ಹಿಡಿದು ಬಿಟ್ಟು ಮಾಡಿ ವೋಲ್ಟೇಜನ್ನು 14ರ ಆಸುಪಾಸಿನಲ್ಲಿ ನಿಲ್ಲಿಸುತ್ತದೆ.

ಇದರಲ್ಲಿ ಮೊದಲು ಸವೆಯುವುದು ಬ್ರಷ್ಷು, ಅದು ತೀರಾ ಅಗ್ಗದ ಸಾಮಾನು. ಇನ್ನೊಂದು ಸ್ವಾರಸ್ಯವಿದೆ. ಕಾಂತಕ್ಕೆ ಮೊದಲ ಕರೆಂಟು ಬರುವುದು ಮೀಟರ್ ಬೋರ್ಡಿನ ಆ ಕೆಂಪು ದೀಪದ ಮೂಲಕವೇ. ಆ ಪುಟ್ಟ ಬಲ್ಬು ಸುಟ್ಟರೆ ಆಲ್ಟರ್ನೇಟರ್ ಏನೂ ಕೆಡದೆಯೇ ಸುಮ್ಮನೆ ತಿರುಗುತ್ತಾ ಇರಬಹುದು. ಕೀಲಿ ತಿರುಗಿಸಿದಾಗ ದೀಪ ಹತ್ತದಿದ್ದರೆ ಮೊದಲು ಬಲ್ಬು, ಆಮೇಲೆ ವೈರು ಮತ್ತು ಬ್ರಷ್ಷು ನೋಡಿ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮಲ್ಟಿಮೀಟರ್ 12.6 ವೋಲ್ಟಿಗಿಂತ ಮೇಲೇರದಿದ್ದರೆ ಚಾರ್ಜು ಆಗುತ್ತಿಲ್ಲವೆಂದೇ ಅರ್ಥ.

ಬದಲಿಸಲೇಬೇಕಾಯಿತು ಅನ್ನಿ. ಆಗ ಕಾರಿನ ಮಾಡೆಲ್ ವರ್ಷವೊಂದನ್ನೇ ನೆಚ್ಚಿಕೊಳ್ಳದೆ, ಬಿಚ್ಚಿದ ಆಲ್ಟರ್ನೇಟರಿನ ಮೈಮೇಲಿನ ನಂಬರನ್ನು ಓದಬೇಕು. ಒಂದೇ ಕಾಲದ 911ಗಳಲ್ಲಿ ಕೆಲವಕ್ಕೆ ಬಾಷ್ ಕಂಪನಿಯದು, ಕೆಲವಕ್ಕೆ ಮೊಟೊರೊಲಾದ್ದು. ಒಂದರ ರೆಗ್ಯುಲೇಟರ್ ಇನ್ನೊಂದಕ್ಕೆ ಆಗದು. ಹಳೆಯ ಕಾರುಗಳಲ್ಲಿ ರೆಗ್ಯುಲೇಟರ್ ಹೊರಗೆ ಬೇರೆ ಡಬ್ಬಿಯಲ್ಲಿತ್ತು, 1980ರ ದಶಕದ ಆರಂಭದಲ್ಲಿ ಆಲ್ಟರ್ನೇಟರಿನ ಒಳಗೇ ಸೇರಿತು. ಹೊಸ ಬಗೆಯದನ್ನು ಹಳೆಯ ಕಾರಿಗೆ ಹಾಕುವವರು ಹೊರಗಿನ ಡಬ್ಬಿ ಕಳಚಿ ವೈರಿಂಗ್ ಬದಲಿಸಬೇಕು.

ಹೆಚ್ಚು ಆಂಪಿಯರ್ ಕೊಡುವ ಆಲ್ಟರ್ನೇಟರ್ ಎಂಬ ಆಮಿಷಕ್ಕೆ ನಾನಂತೂ ಬೀಳುವುದಿಲ್ಲ. 55 ವ್ಯಾಟಿನ ಹೆಡ್‌ಲೈಟ್ ಎರಡೂ ಸೇರಿ ಕೇಳುವುದು 8 ಆಂಪಿಯರ್ ಅಷ್ಟೆ. ಕಾರಿನ ಜೊತೆ ಹುಟ್ಟಿದ ಆಲ್ಟರ್ನೇಟರನ್ನೇ ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್‌ಗೆ ಕೊಟ್ಟು ಬೇರಿಂಗ್, ಬ್ರಷ್, ಡಯೋಡ್ ಹೊಸತು ಹಾಕಿಸುವುದೇ ಮೇಲು. ಅಳತೆಯ ಜಗಳವೇ ಇರುವುದಿಲ್ಲ. ರೀಬಿಲ್ಟ್ ಮಾಡಿದ್ದನ್ನು ಕೊಂಡರೂ ಹಳೆಯದನ್ನು ಗುಜರಿಗೆ ಹಾಕಬೇಡಿ. ಅದನ್ನು ಮರಳಿ ಕೇಳುವ, ಅದಕ್ಕಾಗಿ ಮುಂಗಡ ಹಿಡಿದಿಡುವ ಅಂಗಡಿಗಳೇ ಹೆಚ್ಚು.

ಮತ್ತೆ ಕೂರಿಸುವಾಗ ಬೆಲ್ಟಿನ ಬಿಗಿ ನೋಡಬೇಕು. ಇಲ್ಲಿ ಆಲ್ಟರ್ನೇಟರನ್ನು ಆಚೀಚೆ ಸರಿಸುವಂತಿಲ್ಲ. ಎರಡು ಹೋಳಿನ ಪುಲ್ಲಿಯ ನಡುವಿನ ತೆಳು ವಾಷರ್‌ಗಳಲ್ಲಿ ಒಂದನ್ನು ತೆಗೆದು ಹೊರಬದಿಗೆ ಹಾಕಿದರೆ ಹೋಳುಗಳು ಹತ್ತಿರವಾಗಿ, ಬೆಲ್ಟು ಮೇಲೇರಿ ಬಿಗಿಯಾಗುತ್ತದೆ. ಹೊಸ ಬೆಲ್ಟು ಸ್ವಲ್ಪ ಓಡಿದ ಮೇಲೆ ಸಡಿಲವಾಗುವುದರಿಂದ ಇನ್ನೊಮ್ಮೆ ಬಿಚ್ಚಿ ಸರಿಮಾಡಬೇಕಾಗುತ್ತದೆ.