ಸಣ್ಣ ಡ್ರೋನನ್ನು ಕೊಂಡೊಯ್ಯುವ ಪೆಟ್ಟಿಗೆಯ ಆಯ್ಕೆ

ಪೈರಿನ ಸ್ಥಿತಿಯನ್ನು ಮೇಲಿನಿಂದ ನೋಡಿ ತಿಳಿಯುವುದಕ್ಕೂ, ತೋಟಗಳಲ್ಲಿ ಸೊರಗುತ್ತಿರುವ ಮರಗಳನ್ನು ಗುರುತಿಸುವುದಕ್ಕೂ, ಕೆರೆಯ ಏರಿಯನ್ನು ಪರೀಕ್ಷಿಸುವುದಕ್ಕೂ ಕ್ಯಾಮೆರಾವುಳ್ಳ ಸಣ್ಣ ಡ್ರೋನುಗಳು ಈಚೆಗೆ ನಮ್ಮ ಗ್ರಾಮಗಳಿಗೆ ಬರುತ್ತಿರುವುದು ಸರಿಯಷ್ಟೆ. ಇಂತಹ ಯಂತ್ರವನ್ನು ಕೊಳ್ಳುವಾಗ ಅದು ಹಾರುವ ದೂರವನ್ನೂ ಕ್ಯಾಮೆರಾದ ಗುಣವನ್ನೂ ಹತ್ತು ಜನರಲ್ಲಿ ವಿಚಾರಿಸುವ ಜಮೀನುದಾರರು, ಅದನ್ನು ಹೊಲಕ್ಕೆ ಕೊಂಡೊಯ್ಯುವ ಪೆಟ್ಟಿಗೆಯ ವಿಷಯದಲ್ಲಿ ಉದಾಸೀನರಾಗಿರುವುದು ಕಂಡುಬರುತ್ತದೆ. ಯಂತ್ರವು ಒಂದು ಸಾರಿಗೆ ಹಾರುವುದು ಇಪ್ಪತ್ತು ಮೂವತ್ತು ನಿಮಿಷಗಳು ಮಾತ್ರ. ಉಳಿದ ಕಾಲವೆಲ್ಲ ಅದು ಪೆಟ್ಟಿಗೆಯಲ್ಲಿಯೇ ಇರತಕ್ಕದ್ದು. ಆದಕಾರಣ ಪೆಟ್ಟಿಗೆಯು ಯಂತ್ರದ ಒಂದು ಅಂಗವೆಂದೇ ಭಾವಿಸುವುದು ಯುಕ್ತವು.

ಒಂದು ಮುಂಗಾರಿನಲ್ಲಿ ನಾನು ಸಂಚಾರದಲ್ಲಿದ್ದಾಗ, ಭತ್ತದ ಗದ್ದೆಗಳಲ್ಲಿ ಬೆಂಕಿರೋಗವು ಎಲ್ಲಿಯವರೆಗೆ ಹರಡಿದೆಯೆಂದು ನೋಡುವುದಕ್ಕಾಗಿ ಒಬ್ಬ ಜಮೀನುದಾರರ ಡ್ರೋನನ್ನು ತರಿಸಿದ್ದೆವು. ಅವರು ಅದನ್ನು ಕಂಬಳಿಯಲ್ಲಿ ಸುತ್ತಿ, ಗೋಣಿಚೀಲದಲ್ಲಿಟ್ಟು, ಮೋಟಾರು ಸೈಕಲ್ಲಿನ ಹಿಂದೆ ಬಿಗಿದು ತಂದರು. ಚೀಲವನ್ನು ಬಿಚ್ಚಿ ನೋಡಲಾಗಿ, ಕ್ಯಾಮೆರಾವನ್ನು ಅಲುಗದಂತೆ ಹಿಡಿದಿರುವ ಗಿಂಬಲ್ ಎಂಬ ಭಾಗವು ಮುರಿದುಹೋಗಿದ್ದಿತು. ಯಂತ್ರವು ದುರಸ್ತಾಗಿ ಬರುವ ವೇಳೆಗೆ ಔಷಧವನ್ನು ಸಿಂಪಡಿಸುವ ಕಾಲವೇ ಮೀರಿತು. ಪೆಟ್ಟಿಗೆಗೆ ಕೊಡದೆ ಉಳಿಸಿದ ಹಣಕ್ಕಿಂತ ಗದ್ದೆಯಲ್ಲಿ ಕಳೆದುಕೊಂಡುದೇ ಹೆಚ್ಚಾಯಿತು.

ಅಳತೆ:— 2021ನೆಯ ಇಸವಿಯ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ಮೀರದವುಗಳನ್ನು ನ್ಯಾನೋ ಎಂದೂ, ಅದಕ್ಕೆ ಮೇಲ್ಪಟ್ಟು 2 ಕಿಲೋಗ್ರಾಂವರೆಗಿನವುಗಳನ್ನು ಮೈಕ್ರೋ ಎಂದೂ ವಿಂಗಡಿಸಲಾಗಿದೆ. ಒಬ್ಬನೇ ಹೊತ್ತು ಸಾಗಿಸಬಹುದಾದ ಈ ಎರಡು ತರಗತಿಗಳನ್ನು ಕುರಿತೇ ಇಲ್ಲಿ ಹೇಳಿದೆ. ಔಷಧ ಸಿಂಪಡಿಸುವ ದೊಡ್ಡ ಯಂತ್ರಗಳ ಸಾಗಣೆಯು ಬೇರೆಯ ವಿಷಯ. ತೋಳುಗಳನ್ನು ಮಡಿಸಿದ ಮೇಲೆ ಯಂತ್ರದ ಉದ್ದ, ಅಗಲ, ಎತ್ತರಗಳನ್ನು ಅಳೆದು, ಸುತ್ತಲೂ 3ರಿಂದ 4 ಸೆಂಟಿಮೀಟರು ದಪ್ಪದ ಮೆತ್ತೆ ಹಿಡಿಯುವಷ್ಟು ಪೆಟ್ಟಿಗೆಯನ್ನು ಆರಿಸಬೇಕು. ನಿಯಂತ್ರಕ, ಬ್ಯಾಟರಿಗಳು, ಬಿಡಿ ರೆಕ್ಕೆಗಳು ಇವಕ್ಕೂ ಸ್ಥಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಆದರೆ ಮೂಗಿಗಿಂತ ಮೂಗುತಿ ಭಾರವಾಗಬಾರದು. ಅರ್ಧ ಕಿಲೋಗ್ರಾಂ ಯಂತ್ರಕ್ಕೆ ಹತ್ತು ಕಿಲೋಗ್ರಾಂ ಪೆಟ್ಟಿಗೆಯನ್ನು ಕೊಂಡರೆ ಅದು ಮನೆಯ ಮೂಲೆಯಲ್ಲಿಯೇ ಉಳಿಯುವುದು.

ಬಗೆಗಳು:— ಬೆನ್ನಿಗೆ ಹಾಕಿಕೊಳ್ಳುವ ಬಟ್ಟೆಯ ಚೀಲವು ಹಗುರವಾದುದು. ಗದ್ದೆಯ ಬದುವಿನ ಮೇಲೆ ನಡೆಯುವವರಿಗೂ ಮೋಟಾರು ಸೈಕಲ್ಲಿನಲ್ಲಿ ಹೋಗುವವರಿಗೂ ಅನುಕೂಲವಾದುದು. ಸವಾರನ ಮೈಯೇ ರಸ್ತೆಯ ಕುಲುಕನ್ನು ತಡೆಯುವುದರಿಂದ, ಹಿಂಬದಿಗೆ ಬಿಗಿದ ಪೆಟ್ಟಿಗೆಗಿಂತ ಬೆನ್ನಿನ ಚೀಲದಲ್ಲಿ ಯಂತ್ರವು ಸುಖವಾಗಿರುವುದು. ಆದರೆ ಮೇಲೆ ಭಾರ ಬಿದ್ದರೆ ಚೀಲವು ತಡೆಯಲಾರದು. ಟ್ರಾಕ್ಟರು, ಜೀಪು ಮುಂತಾದವುಗಳಲ್ಲಿ ಇತರ ಸಾಮಾನುಗಳೊಡನೆ ಸಾಗಿಸುವವರಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೇ ಉತ್ತಮ. ಅಲ್ಯುಮಿನಿಯಂ ಪೆಟ್ಟಿಗೆಯು ನೋಟಕ್ಕೆ ಅಂದವಾದರೂ ಪೆಟ್ಟು ಬಿದ್ದಲ್ಲಿ ನೆಗ್ಗಿ, ಮುಚ್ಚಳವು ಸರಿಯಾಗಿ ಕೂಡದೆ ಹೋಗುವುದುಂಟು. ಬಿಸಿಲಿಗೆ ಬೇಗನೆ ಕಾಯುವುದೂ ಉಂಟು.

ಒಳಗಣ ಮೆತ್ತೆ:— ಯಂತ್ರದ ಆಕಾರಕ್ಕೆ ಸರಿಯಾಗಿ ಕತ್ತರಿಸಿದ ಫೋಮ್ ಮೆತ್ತೆಯು ಪೆಟ್ಟಿಗೆಯ ಜೀವಾಳವು. ಅಂಗಡಿಯಲ್ಲಿ ಮೆತ್ತೆಯ ತುಣುಕಿನ ಮೇಲೆ ಒಂದು ಹನಿ ನೀರನ್ನು ಬಿಟ್ಟು ನೋಡಿರಿ. ಹನಿಯು ಇಂಗಿದರೆ ಆ ಮೆತ್ತೆಯು ಮಳೆಗಾಲದಲ್ಲಿ ತೇವವನ್ನು ಹೀರಿ ಯಂತ್ರಕ್ಕೇ ತಾಗಿಸುವುದು. ಪಾಲಿಥೀನಿನಿಂದ ಮಾಡಿದ ಮುಚ್ಚಿದ ಕಣಗಳ ಫೋಮ್ ನೀರನ್ನು ಹೀರುವುದಿಲ್ಲ. ಯಂತ್ರವನ್ನಿಟ್ಟು ಮುಚ್ಚಿ ಮೆಲ್ಲಗೆ ಅಲ್ಲಾಡಿಸಿದರೆ ಒಳಗೆ ಸಪ್ಪಳವಾಗಕೂಡದು. ರೆಕ್ಕೆಗಳ ಮೇಲೂ ಕ್ಯಾಮೆರಾದ ಮೇಲೂ ಮುಚ್ಚಳದ ಒತ್ತಡ ಬೀಳಕೂಡದು. ಗಿಂಬಲಿಗೆ ಅದರ ಕವಚವನ್ನು ತೊಡಿಸದೆ ಎಂದಿಗೂ ಒಳಗಿಡಬಾರದು.

ನೀರು ಮತ್ತು ಧೂಳು:— ಕೋಲಾರದ ಕೆಮ್ಮಣ್ಣಿನ ಧೂಳಿಗೂ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆಯ ತೇವಕ್ಕೂ ಒಂದೇ ಚೀಲವು ಸಾಲದು. ಪೆಟ್ಟಿಗೆಯ ಮೇಲೆ ಐ.ಪಿ. 67 ಎಂದಿದ್ದರೆ, ಮೊದಲನೆಯ ಅಂಕಿಯು ಧೂಳು ಸ್ವಲ್ಪವೂ ಹೋಗದೆಂಬುದನ್ನೂ, ಎರಡನೆಯದು 1 ಮೀಟರು ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡದೆಂಬುದನ್ನೂ ಸೂಚಿಸುತ್ತವೆ. ಮುದ್ರೆಯನ್ನೇ ನಂಬದೆ, ಬರಿಯ ಪೆಟ್ಟಿಗೆಯಲ್ಲಿ ಒಣ ಕಾಗದವನ್ನಿಟ್ಟು ಮುಚ್ಚಿ, ಐದು ನಿಮಿಷ ನೀರು ಸುರಿದು, ಒರೆಸಿ ತೆರೆದು ನೋಡಿದರೆ ನಿಜವು ತಿಳಿಯುವುದು. ಬಿಗಿಯಾದ ಪೆಟ್ಟಿಗೆಯು ಒಳಗಿನ ತೇವವನ್ನೂ ಹೊರಗೆ ಬಿಡದಾದುದರಿಂದ, ಒದ್ದೆಯಾದ ಯಂತ್ರವನ್ನು ಆರಿಸದೆ ಒಳಗಿಡಬಾರದು; ಒಂದೆರಡು ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗಿಟ್ಟು ಆಗಾಗ್ಗೆ ಬದಲಾಯಿಸತಕ್ಕದ್ದು. ಗೊಬ್ಬರದ ಮೂಟೆಗಳ ಮೇಲೆ ಪೆಟ್ಟಿಗೆಯನ್ನಿಡಬೇಡಿರಿ. ಯೂರಿಯಾ, ಪೊಟ್ಯಾಷ್ ಮೊದಲಾದವು ಗಾಳಿಯ ತೇವವನ್ನು ಹೀರಿ, ತಾಗಿದ ಲೋಹವನ್ನು ತಿನ್ನುತ್ತವೆ.

ಬ್ಯಾಟರಿಗಳು:— ಅಪಾಯವೆಲ್ಲ ಇರುವುದು ಇಲ್ಲಿಯೇ. ಲಿಥಿಯಂ ಬ್ಯಾಟರಿಯ ತುದಿಗಳಿಗೆ ಸ್ಪಾನರು, ಬೀಗದ ಕೈ, ನಾಣ್ಯ ಮುಂತಾದ ಲೋಹವು ತಾಗಿದರೆ ಕ್ಷಣಮಾತ್ರದಲ್ಲಿ ಕಾದು ಬೆಂಕಿ ಹೊತ್ತಬಹುದು. ಆದುದರಿಂದ ಪ್ರತಿಯೊಂದು ಬ್ಯಾಟರಿಗೂ ಪ್ರತ್ಯೇಕ ಗೂಡು ಇರುವ ಪೆಟ್ಟಿಗೆಯನ್ನೇ ಆರಿಸಿ, ತುದಿಗಳನ್ನು ಮುಚ್ಚಿಡಬೇಕು. ಕೆಲವು ದಿನಗಳವರೆಗೆ ಹಾರಿಸುವುದಿಲ್ಲವಾದರೆ ಅರ್ಧದಷ್ಟು ಮಾತ್ರ ವಿದ್ಯುತ್ತು ತುಂಬಿರುವುದು ಕ್ಷೇಮ. ಉಬ್ಬಿದ ಬ್ಯಾಟರಿಯನ್ನು ಪೆಟ್ಟಿಗೆಯೊಳಕ್ಕೆ ಸೇರಿಸಲೇಬಾರದು. ಬಿಸಿಲಿನಲ್ಲಿ ನಿಲ್ಲಿಸಿ ಬಾಗಿಲು ಮುಚ್ಚಿದ ಕಾರಿನಲ್ಲಿಯೂ, ಹುಲ್ಲಿನ ಬಣವೆ, ಡೀಸೆಲ್ ಡಬ್ಬಗಳ ಹತ್ತಿರವೂ ಪೆಟ್ಟಿಗೆಯನ್ನು ಬಿಡಬಾರದು.

ವಿಮಾನದಲ್ಲಿ ಪ್ರಯಾಣ ಮಾಡುವವರು ಬಿಡಿ ಬ್ಯಾಟರಿಗಳನ್ನು ಕೈಸಾಮಾನಿನಲ್ಲಿಯೇ ಒಯ್ಯಬೇಕೆಂಬುದು ನಿಯಮ. 100 ವಾಟ್-ಗಂಟೆಗೆ ಮೀರಿ 160ರವರೆಗಿನವಕ್ಕೆ ವಿಮಾನ ಕಂಪೆನಿಯ ಅನುಮತಿ ಬೇಕು. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಈ ಲೆಕ್ಕವು ಬರುವುದು: 11.1 ವೋಲ್ಟಿನ, 4 ಆಂಪಿಯರ್-ಗಂಟೆಯ ಬ್ಯಾಟರಿಯು 44.4 ವಾಟ್-ಗಂಟೆಯಾಗುತ್ತದೆ. ಆದಕಾರಣ ಬ್ಯಾಟರಿಯ ಗೂಡುಗಳನ್ನು ಬೇರ್ಪಡಿಸಿ ತೆಗೆಯಬಹುದಾದ ಪೆಟ್ಟಿಗೆಯು ಅಂತಹವರಿಗೆ ಅನುಕೂಲ.

ಒಟ್ಟಿನಲ್ಲಿ, ಪೆಟ್ಟಿಗೆಯನ್ನು ಅದರ ಹೊಳಪು ನೋಡಿ ಕೊಳ್ಳದೆ, ತಮ್ಮ ಊರಿನ ರಸ್ತೆಯನ್ನೂ ಮಳೆಯನ್ನೂ ಸಾಗಿಸುವ ವಾಹನವನ್ನೂ ನೋಡಿ ಕೊಳ್ಳತಕ್ಕದ್ದು. ಸಾಧ್ಯವಾದರೆ ಯಂತ್ರವನ್ನೇ ಅಂಗಡಿಗೆ ಒಯ್ದು, ಇಟ್ಟು, ಅಲ್ಲಾಡಿಸಿ ನೋಡುವುದು ಮೇಲು. ಹಲವರು ಕೂಡಿ ಒಂದೇ ಯಂತ್ರವನ್ನು ಬಳಸುವ ಗ್ರಾಮಗಳಲ್ಲಿ, ಒಳಗಿರಬೇಕಾದ ಸಾಮಾನುಗಳ ಪಟ್ಟಿಯನ್ನು ಮುಚ್ಚಳದ ಒಳಬದಿಗೆ ಅಂಟಿಸಿ, ಕೈ ಬದಲಾಗುವಾಗಲೆಲ್ಲ ಎಣಿಸಿ ಒಪ್ಪಿಸುವ ಕ್ರಮವನ್ನು ಗ್ರಾಮದ ಮುಖ್ಯಸ್ಥರು ಏರ್ಪಡಿಸಿದರೆ ಬಹಳ ಉಪಕಾರವಾಗುವುದು. ರೋಗವು ಪೈರಿಗೆ ತಗುಲಿದ ದಿನ ಯಂತ್ರವು ಸಿದ್ಧವಾಗಿದ್ದರೆ ಮಾತ್ರ ಅದಕ್ಕೆ ತೆತ್ತ ಹಣವು ಸಾರ್ಥಕವೆಂಬುದನ್ನು ಎಲ್ಲರೂ ಮನಸ್ಸಿನಲ್ಲಿಡಬೇಕಾಗಿ ಕೋರುತ್ತೇನೆ.