ಬಿಚ್ಚಿ ಜೋಡಿಸುವವರ ಹೆದ್ದಾರಿ

ಭಾನುವಾರ ನಸುಕಿನಲ್ಲೇ ಕೊಯಮತ್ತೂರು ಬಿಡುವ ಬೈಕ್ ಸವಾರರು ಕಿಣತ್ತುಕಡವಿನ ಪೊನ್ಮಲೈ ಮುರುಗನ ಗುಡ್ಡವನ್ನು ದಾಟಿ, ಪೊಳ್ಳಾಚಿಯಲ್ಲಿ ಕಾಫಿ ಕುಡಿದು, ಆಳಿಯಾರ್ ಅಣೆಕಟ್ಟೆಯ ಪಕ್ಕದಿಂದ ವಾಲ್ಪಾರೈ ಘಾಟಿ ಹತ್ತುತ್ತಾರೆ. 40 ಹೇರ್‌ಪಿನ್ ತಿರುವುಗಳ ಈ ಘಾಟಿಯಲ್ಲಿ ಬೈಕಿನ ಆರೋಗ್ಯ ಬಯಲಾಗುತ್ತದೆ. ಕ್ಲಚ್ ಜಾರುತ್ತಿದ್ದರೆ ಏರುವಾಗ ಗೊತ್ತಾಗುತ್ತದೆ, ಬ್ರೇಕ್ ಸವೆದಿದ್ದರೆ ಇಳಿಯುವಾಗ. ಹೀಗಾಗಿ ಸವಾರಿಯ ನಿಜವಾದ ತಯಾರಿ ನಡೆಯುವುದು ಶನಿವಾರ, ಶೆಡ್ಡಿನ ನೆಲದ ಮೇಲೆ, ಗೋಣಿಚೀಲ ಹಾಸಿ ಕುಳಿತಾಗ.

ಕಿಣತ್ತುಕಡವು ಕನ್ನಡಿಗರಿಗೆ ಅಷ್ಟೇನೂ ದೂರದ ಊರಲ್ಲ. ಹಳೆಯ 209ನೇ ರಾಷ್ಟ್ರೀಯ ಹೆದ್ದಾರಿ ಬೆಂಗಳೂರಿನಿಂದ ಹೊರಟು ಕನಕಪುರ, ಕೊಳ್ಳೇಗಾಲ, ಚಾಮರಾಜನಗರ ಹಾಯ್ದು, ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ, ಕೊಯಮತ್ತೂರು, ಕಿಣತ್ತುಕಡವು, ಪೊಳ್ಳಾಚಿ, ಪಳನಿ ಮುಟ್ಟಿ ದಿಂಡಿಗಲ್‌ನಲ್ಲಿ ಮುಗಿಯುತ್ತಿತ್ತು. ಇದೇ ಸೀಮೆಯಲ್ಲಿ ತಲೆಮಾರುಗಳಿಂದ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರೂ ಒಕ್ಕಲಿಗರೂ ಇದ್ದಾರೆ. ಬೈಕ್ ಹವ್ಯಾಸದ ಚರಿತ್ರೆಯನ್ನೂ ಈ ಹೆದ್ದಾರಿಯ ಗುಂಟವೇ ಹೇಳಬಹುದು. ಕೊಯಮತ್ತೂರಿನ ಲೇತು, ಫೌಂಡ್ರಿಗಳು ಒಂದು ಕಡೆಗಾದರೆ, ದಿಂಬಂ ಮೇಲಿನ ಮೈಸೂರು ಸೀಮೆಯಲ್ಲಿ ಜಾವಾ ಕಾರ್ಖಾನೆ.

ಮಾಣಿಯಾಗಿ ದುಡಿದು ಕೊಂಡ ರಡ್ಜ್

ಕೊಯಮತ್ತೂರಿನಲ್ಲಿ ಈ ಹವ್ಯಾಸಕ್ಕೊಬ್ಬ ಮೂಲಪುರುಷನಿದ್ದಾನೆ: ಜಿ.ಡಿ. ನಾಯ್ಡು. 1893ರಲ್ಲಿ ಕಲಂಗಲ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದ ಹುಡುಗನಿಗೆ ಶಾಲೆ ಹಿಡಿಸಲಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಬ್ರಿಟಿಷ್ ಕಂದಾಯ ಅಧಿಕಾರಿಯೊಬ್ಬನ ಬಳಿ 1912ರ ರಡ್ಜ್ ಮೋಟಾರ್ ಸೈಕಲ್ ಕಂಡು ಅದರ ಹುಚ್ಚು ಹತ್ತಿತು. ಕೊಯಮತ್ತೂರಿಗೆ ಬಂದು ಹೋಟೆಲೊಂದರಲ್ಲಿ ಮೂರು ವರ್ಷ ಮಾಣಿಯಾಗಿ ದುಡಿದು 400 ರೂಪಾಯಿ ಕೂಡಿಟ್ಟು ಆ ಗಾಡಿಯನ್ನು ಕೊಂಡ. ಅದರ ಬೆನ್ನಿಗೇ ಮೆಕ್ಯಾನಿಕ್ ಕೆಲಸಕ್ಕೆ ಇಳಿದ.

1920ರಲ್ಲಿ ಒಂದೇ ಒಂದು ಬಸ್ಸಿನಿಂದ ಪೊಳ್ಳಾಚಿ–ಪಳನಿ ನಡುವೆ ಸಾರಿಗೆ ಶುರುಮಾಡಿದಾಗ ಅದನ್ನು ಓಡಿಸುತ್ತಿದ್ದವನೂ ಆತನೇ. ಅದು ಯೂನಿವರ್ಸಲ್ ಮೋಟಾರ್ ಸರ್ವಿಸ್ ಆಗಿ ಬೆಳೆಯಿತು. 1937ರಲ್ಲಿ ಡಿ. ಬಾಲಸುಂದರಂ ಜೊತೆಗೂಡಿ ದೇಶದ ಮೊದಲ ಸ್ವದೇಶಿ ವಿದ್ಯುತ್ ಮೋಟಾರನ್ನು ಹೊರತಂದರು. ಅವಿನಾಶಿ ರಸ್ತೆಯಲ್ಲಿ ನಾಯ್ಡು ಅವರ ಹೆಸರಿನ ಧರ್ಮಸಂಸ್ಥೆ ನಡೆಸುವ ಜಿಡೀ ಕಾರ್ ಮ್ಯೂಸಿಯಂ ಇದೆ. ಹಳೆಯ ಗಾಡಿಗಳಲ್ಲಿ ಆಸಕ್ತಿಯಿರುವವರು ಅರ್ಧ ದಿನ ಮೀಸಲಿಡಬೇಕಾದ ಜಾಗ.

ನಾಯ್ಡು ಅವರ ಕಾಲಕ್ಕೆ ಬಿಡಿಭಾಗ ಸಮುದ್ರ ದಾಟಿ ಬರಬೇಕಿತ್ತು. ಇಂದು ಬೈಕಿನ ಎಷ್ಟೋ ಭಾಗಗಳಿಗೆ ಕೊಯಮತ್ತೂರೇ ತವರು. ಎಲ್.ಜಿ. ಬಾಲಕೃಷ್ಣನ್ ಅಂಡ್ ಬ್ರದರ್ಸ್‌ನ ರೋಲಾನ್ ಚೈನು, ಪ್ರಿಕಾಲ್‌ನ ಸ್ಪೀಡೋಮೀಟರ್, ರೂಟ್ಸ್ ಹಾರ್ನು ಮೂರೂ ಈ ಊರಿನ ಕಂಪನಿಗಳವು. ಪಂಪ್‌ಸೆಟ್ಟು, ಗಿರಣಿಯ ಯಂತ್ರಗಳಿಗಾಗಿ ಬೆಳೆದ ಫೌಂಡ್ರಿ ಮತ್ತು ಲೇತ್ ಶೆಡ್ಡುಗಳ ಕಸುಬು ಹಳೆಯ ಬೈಕಿನವರಿಗೂ ಒದಗುತ್ತದೆ. ಅಂಗಡಿಯಲ್ಲಿ ಸಿಗದ ಬುಷ್ ಒಂದನ್ನು ಹಳೆಯದರ ಅಳತೆ ಕೊಟ್ಟು ಕಡೆಸಿಕೊಳ್ಳಬಹುದು. ಹಳೆಯ ಗಾಡಿ ಸಾಕುವವರಿಗೆ ಶೋರೂಮಿಗಿಂತ ಇಂಥ ಟರ್ನರ್ ಒಬ್ಬನ ಪರಿಚಯ ಮುಖ್ಯ.

ಮೈಸೂರು ಕೊಟ್ಟ ಪಾಠಶಾಲೆ

ಬಿಚ್ಚಿ ಜೋಡಿಸಲು ಕಲಿಯಬೇಕೆನ್ನುವವರ ಕೈಗೆ ಹಿರಿಯರು ಸಾಮಾನ್ಯವಾಗಿ ಕೊಡುವುದು ಜಾವಾ ಅಥವಾ ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ, ಇರಾನಿ ಕುಟುಂಬದ ಉದ್ಯಮ, ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹ. 1973ರಿಂದ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆದರೂ ಗಾಡಿಗಳು ಓಡುತ್ತಲೇ ಇವೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನದಂದು ಬೆಂಗಳೂರು, ಮೈಸೂರಿನ ಬೀದಿಗಳಲ್ಲಿ ಅವುಗಳ ಮೆರವಣಿಗೆ ಕಾಣಬಹುದು.

ಕಾರ್ಖಾನೆ ಮುಚ್ಚಿ ಮೂರು ದಶಕವಾದರೂ ಇವು ಉಳಿದದ್ದು ಎಂಜಿನ್ನಿನ ಸರಳತೆಯಿಂದ. ಇದು 250 ಸಿಸಿ ಟೂ–ಸ್ಟ್ರೋಕ್. ವಾಲ್ವಿಲ್ಲ, ಟ್ಯಾಪೆಟ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಎಡಗಡೆಯ ಒಂದೇ ಲಿವರ್ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಇಳಿಸಿದರೆ ಗೇರು. ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತದೆ. ಕೇಬಲ್ ತುಂಡಾದರೂ ಮನೆ ಸೇರಬಹುದು.

ಹೊಸಬರು ಮೊದಲು ಕಲಿಯುವುದು ಮೂರು ಕೆಲಸ. ಒಂದು, ಪೆಟ್ರೋಲಿಗೆ ಆಯಿಲ್ ಬೆರೆಸುವುದು: ಲೀಟರಿಗೆ 30ರಿಂದ 40 ಮಿಲಿಲೀಟರ್. ಕಡಿಮೆಯಾದರೆ ಪಿಸ್ಟನ್ ಸೀಜ್, ಹೆಚ್ಚಾದರೆ ಹೊಗೆ ಮತ್ತು ಮಸಿ. ಎರಡು, ಆ ಮಸಿ ತೆಗೆಯುವುದು. ಸೈಲೆನ್ಸರ್ ಮತ್ತು ಎಕ್ಸಾಸ್ಟ್ ಪೋರ್ಟಿನಲ್ಲಿ ಇಂಗಾಲ ಕಟ್ಟಿಕೊಂಡರೆ ಎಂಜಿನ್ ಉಸಿರು ಬಿಡಲಾರದೆ ಎಳೆತ ಕಳೆದುಕೊಳ್ಳುತ್ತದೆ. ಹೆಡ್ ಬಿಚ್ಚಿ ಮರದ ಚಕ್ಕೆಯಿಂದ ಕೆರೆಯಬೇಕು, ಲೋಹ ತಾಗಿಸಿದರೆ ಗೀರು ಬೀಳುತ್ತದೆ. ಮೂರು, ಪಾಯಿಂಟ್ ಸೆಟ್ಟಿಂಗ್. ಪ್ಲಾಟಿನಂ ಪಾಯಿಂಟಿನ ಸಂದು ಸುಮಾರು 0.4 ಮಿ.ಮೀ. ಇರಬೇಕು, ಪಿಸ್ಟನ್ ತುದಿ ಮುಟ್ಟಲು ಸುಮಾರು 3 ಮಿ.ಮೀ. ಉಳಿದಿರುವಾಗ ಕಿಡಿ ಹಾರಬೇಕು. ಟೈಮಿಂಗ್ ಕೂತರೆ ಎರಡನೇ ಕಿಕ್ಕಿಗೆ ಗಾಡಿ ಹಿಡಿಯುತ್ತದೆ, ಕೂರದಿದ್ದರೆ ಕಿಕ್ಕರ್ ತಿರುಗಿ ಹೊಡೆದು ಕಾಲಿಗೆ ಪಾಠ ಹೇಳುತ್ತದೆ.

ಇವಿಷ್ಟು ಕೈವಶವಾದ ಮೇಲೆ ಬೋರ್ ಮಾಡಿಸುವ ಹಂತ. ಸಿಲಿಂಡರ್ ಸವೆದಾಗ ಒಳಗೋಡೆಯನ್ನು ಕಾಲು ಮಿಲಿಮೀಟರಿನಷ್ಟು ಕೊರೆದು, ಅಷ್ಟೇ ದೊಡ್ಡ ಓವರ್‌ಸೈಜ್ ಪಿಸ್ಟನ್ ಕೂರಿಸುತ್ತಾರೆ. ಪ್ರತಿ ಸಲ ಕೊರೆದಾಗಲೂ ಬ್ಲಾಕಿನ ಆಯುಸ್ಸು ಒಂದು ಮೆಟ್ಟಿಲು ಇಳಿಯುತ್ತದೆ. ಅದಕ್ಕೇ ಒಳ್ಳೆಯ ಮೇಸ್ತ್ರಿ ಬೋರಿಗೆ ಅವಸರ ಮಾಡುವುದಿಲ್ಲ. ಮೊದಲು ರಿಂಗ್ ಬದಲಿಸಿ ನೋಡುತ್ತಾನೆ.

ಬದಲಾವಣೆಗೂ ಒಂದು ಜಾಗ

ಹವ್ಯಾಸಿಗಳಲ್ಲಿ ಎರಡು ಪಂಗಡ. ಕಾರ್ಖಾನೆಯಿಂದ ಬಂದಂತೆಯೇ ನಟ್ಟಿನಿಂದ ನಟ್ಟಿನವರೆಗೆ ಉಳಿಸುವವರು ಒಂದು ಕಡೆ. ಹ್ಯಾಂಡಲ್, ಸೀಟು, ಸೈಲೆನ್ಸರ್ ಬದಲಿಸಿ ತಮ್ಮದೇ ರೂಪ ಕೊಡುವವರು ಇನ್ನೊಂದು ಕಡೆ. ಕಾನೂನು ಮೊದಲನೆಯವರ ಪರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂಥ ಬದಲಾವಣೆಯನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ, ಶುಲ್ಕ 20,000 ರೂಪಾಯಿ. ಆದರೆ ಅವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು.

ಈ ಎರಡು ಪಂಗಡಗಳ ನಡುವೆ ಗಾಡಿಯ ಹಿತಕ್ಕೇ ಮಾಡುವ ಬದಲಾವಣೆಗಳಿವೆ. ಹಳೆಯ ಜಾವಾಗಳ 6 ವೋಲ್ಟ್ ವಿದ್ಯುತ್ತಿನಲ್ಲಿ ಹೆಡ್‌ಲೈಟ್ ಹಣತೆಯಷ್ಟೇ ಬೆಳಗುತ್ತದೆ. ಹೆದ್ದಾರಿಗೆ ಹೋಗುವವರು 12 ವೋಲ್ಟಿಗೆ ಬದಲಿಸಿಕೊಳ್ಳುತ್ತಾರೆ. ಪಾಯಿಂಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸುವವರೂ ಇದ್ದಾರೆ. ಮೂಲದ ಭಾಗಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಇಡುವುದು ಇವರಲ್ಲಿ ರೂಢಿ. ಬೇಕೆಂದಾಗ ಹಿಂದಕ್ಕೆ ಮರಳುವಂತಿರಬೇಕು.

ವೇಗಕ್ಕಾಗಿಯೇ ಗಾಡಿ ತಿದ್ದುವವರಿಗೆ ಕಿಣತ್ತುಕಡವಿನ ಕಡೆಯಲ್ಲೇ ಜಾಗವಿದೆ: ಚೆಟ್ಟಿಪಾಳ್ಯದ ಕರಿ ಮೋಟಾರ್ ಸ್ಪೀಡ್‌ವೇ. 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಕೊಯಮತ್ತೂರಿನ ರೇಸ್ ಪಟು ಎಸ್. ಕರಿವರ್ಧನ್ ಹೆಸರಿನ ಈ 2.1 ಕಿ.ಮೀ. ಟ್ರ್ಯಾಕ್ 2003ರಲ್ಲಿ ತೆರೆಯಿತು. ರಾಷ್ಟ್ರೀಯ ಮಟ್ಟದ ಸುತ್ತುಗಳು ಇಲ್ಲಿ ನಡೆಯುತ್ತವೆ. 2021ರಲ್ಲಿ ಶುರುವಾದ ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿ ಕಪ್‌ನಲ್ಲಿ ಎಲ್ಲರಿಗೂ ಒಂದೇ ಬಗೆಯ 650 ಸಿಸಿ ಗಾಡಿ. ಗೆಲುವು ಸವಾರನ ಕೈಯಲ್ಲಿ. ಹೆದ್ದಾರಿಯಲ್ಲಿ ದಂಡ ತರುವ ಕೆಲಸ ಟ್ರ್ಯಾಕಿನಲ್ಲಿ ವಿದ್ಯೆಯಾಗುತ್ತದೆ.

ಶುರುಮಾಡುವವರಿಗೆ

ಹಳೆಯ ಬೈಕ್ ಕೊಳ್ಳುವಾಗ ಬಣ್ಣ ನೋಡುವ ಮುನ್ನ ಆರ್‌ಸಿ ನೋಡಬೇಕು. ಚಾಸಿ ಮತ್ತು ಎಂಜಿನ್ ನಂಬರು ದಾಖಲೆಗೆ ತಾಳೆಯಾಗದ ಗಾಡಿ ಪುಕ್ಕಟೆ ಸಿಕ್ಕರೂ ದುಬಾರಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಈಗಿನ ಇಥೆನಾಲ್ ಬೆರೆತ ಪೆಟ್ರೋಲು ನೀರನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ, ಹಳೆಯ ರಬ್ಬರ್ ಹೋಸುಗಳನ್ನು ಕೆಡಿಸುತ್ತದೆ. ಬಹಳ ದಿನ ನಿಲ್ಲಿಸುವುದಾದರೆ ಕಾರ್ಬುರೇಟರ್ ಬರಿದು ಮಾಡಬೇಕು, ಹೋಸುಗಳನ್ನು ಹೊಸ ಪೆಟ್ರೋಲಿಗೆ ತಾಳುವಂಥವಕ್ಕೆ ಬದಲಿಸಬೇಕು.

ಹಣ ಹಾಕುವುದಕ್ಕೂ ಒಂದು ಕ್ರಮವಿದೆ. ಮೊದಲು ಬ್ರೇಕು, ಟೈರು, ಚಕ್ರದ ಬೇರಿಂಗು, ಆಮೇಲೆ ವೈರಿಂಗು, ಅದಾದ ಮೇಲೆ ಎಂಜಿನ್ನು. ಕ್ರೋಮು, ಪೇಂಟು ಕಟ್ಟಕಡೆಗೆ. ಮೊದಲೇ ಬಣ್ಣ ಹೊಡೆಸಿದವರು ಎಂಜಿನ್ ಇಳಿಸುವಾಗ ಅದನ್ನೇ ಗೀರಿಕೊಂಡು ಮತ್ತೆ ಪೇಂಟರ್ ಬಳಿಗೆ ಹೋಗುತ್ತಾರೆ, ಎರಡನೇ ಬಾರಿ ಪೂರ್ತಿ ದುಡ್ಡು ಕೊಟ್ಟು.