ಬಸುರಿ, ನಾಯಿ ಮತ್ತು ತೋಳ

ನನಗೀಗ ಆರು ತಿಂಗಳು ತುಂಬಿದೆ. ಬಾಣಂತನಕ್ಕೆಂದು ಅಮ್ಮ ಅಮೆರಿಕಕ್ಕೆ ಬರಲು ಟಿಕೆಟ್ ಮಾಡಿಸಿದ್ದಾರೆ. ಹೋದ ವಾರ ಫೋನಿನಲ್ಲಿ ಹೇಳಿದರು: "ಮಗು ಬರೋ ಮನೇಲಿ ಆ ನಾಯಿ ಯಾಕೆ? ಯಾರಿಗಾದ್ರೂ ಕೊಟ್ಬಿಡೇ. ಮೊದಲು ಆ ತೋಳಗಳ ಹತ್ರ ಹೋಗೋದು ನಿಲ್ಸು."

ನಾಲ್ಕು ವರ್ಷದಿಂದ ನಮ್ಮ ಜೊತೆಗಿರುವ ನಾಯಿ ಅದು. ಇನ್ನು ತೋಳಗಳೆಂದರೆ, ಭಾನುವಾರ ನಾನು ಕೈಲಾದ ಕೆಲಸ ಮಾಡಿಕೊಡಲು ಹೋಗುವ ಆಶ್ರಯಧಾಮದವು. ಈ ದೇಶದಲ್ಲಿ ಇಂಥವು ಹಲವಿವೆ. ವಾಷಿಂಗ್ಟನ್ ರಾಜ್ಯದ ವುಲ್ಫ್ ಹೇವನ್ 1982ರಿಂದ ನಡೆಯುತ್ತಿದೆ. ಮರಿಯಾಗಿದ್ದಾಗ ಮುದ್ದಿಗೆ ತಂದು, ದೊಡ್ಡದಾದ ಮೇಲೆ ಸಂಭಾಳಿಸಲಾಗದೆ ಜನ ಕೈಬಿಟ್ಟ ತೋಳಗಳೂ ತೋಳನಾಯಿಗಳೂ ಇಂಥ ಕಡೆ ಬಂದು ಸೇರುತ್ತವೆ.

ಅಮ್ಮನೊಡನೆ ವಾದಕ್ಕಿಳಿಯದೆ ವೈದ್ಯರನ್ನು ಕೇಳಿದೆ, ಒಂದಷ್ಟು ಓದಿದೆ. ಅಮ್ಮನ ಮಾತು ಅರ್ಧ ಸರಿ.

ಮೊದಲು ನಾಯಿ. ಬಸುರಿಯರು ಹೆದರುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಹರಡುವುದು ಬೆಕ್ಕಿನ ಮಲದಿಂದ, ನಾಯಿಯ ಮಲದಿಂದಲ್ಲ. ನಾಯಿಗೆ ರೇಬಿಸ್ ಲಸಿಕೆ, ಜಂತುಹುಳದ ಔಷಧಿ, ಉಣ್ಣೆಗೆ ಮದ್ದು ಹೊತ್ತಿಗೆ ಸರಿಯಾಗಿ ಆಗಿರಬೇಕು. ಅದರ ಮಲ ಎತ್ತುವ ಕೆಲಸ ಗಂಡನಿಗೆ ಬಿಡಿ, ಇಲ್ಲವೇ ಕೈಗವಸು ಹಾಕಿ. ವಾರಕ್ಕೆ 150 ನಿಮಿಷ ಹದವಾದ ವ್ಯಾಯಾಮ ಬೇಕೆಂದು ಇಲ್ಲಿನ ಪ್ರಸೂತಿ ತಜ್ಞರು ಹೇಳುತ್ತಾರೆ. ತೊಡಕಿಲ್ಲದ ಬಸುರಿಗೆ ನಾಯಿಯೊಡನೆ ನಡೆಯುವುದೇ ಅದಕ್ಕೆ ಸುಲಭದ ದಾರಿ. ಆದರೆ ಹೊಟ್ಟೆ ಬೆಳೆದಂತೆ ದೇಹದ ತೂಕ ಮುಂದಕ್ಕೆ ವಾಲುತ್ತದೆ, ಕೀಲುಗಳು ಸಡಿಲವಾಗುತ್ತವೆ. ಅಳಿಲು ಕಂಡು ನಾಯಿ ಹಗ್ಗ ಜಗ್ಗಿದರೆ ಬೀಳುವವರು ನಾವೇ. ಬಿದ್ದರೆ, ಅಥವಾ ಹೊಟ್ಟೆಗೆ ಜೋರಾಗಿ ಪೆಟ್ಟಾದರೆ, ನೋವಿಲ್ಲವೆಂದು ಸುಮ್ಮನಿರದೆ ಆಗಲೇ ವೈದ್ಯರಿಗೆ ತಿಳಿಸಿ.

ಇನ್ನು ತೋಳ. 2015ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ನಾಯಿಯೂ ಒಡೆಯನೂ ಬಹುಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಹೆಚ್ಚಿತು. ಹೆರಿಗೆಯ ನೋವಿಗೂ, ಎದೆಹಾಲು ಇಳಿಯುವುದಕ್ಕೂ ಕಾರಣವಾಗುವ ಹಾರ್ಮೋನು ಅದೇ. ಮನುಷ್ಯರೇ ಸಾಕಿದ ತೋಳಗಳಲ್ಲಿ ಮಾತ್ರ ಹೀಗಾಗಲಿಲ್ಲ. ನಾಯಿ ಸಾವಿರಾರು ವರ್ಷ ನಮ್ಮೊಡನೆ ಬಾಳಿ ಬದಲಾಗಿದೆ. ಸಾಕಿದ ತೋಳ ಪಳಗಬಹುದು, ನಾಯಿಯಾಗುವುದಿಲ್ಲ. ತೋಳನಾಯಿಗಳಿಗೆಂದು ಅನುಮತಿ ಪಡೆದ ರೇಬಿಸ್ ಲಸಿಕೆಯೂ ಅಮೆರಿಕದಲ್ಲಿಲ್ಲ.

ನಾನು ಯೋಚಿಸದೇ ಇದ್ದ ಅಪಾಯ ಹಲ್ಲಿನಲ್ಲಿರಲಿಲ್ಲ, ಮಾಂಸದ ಬಕೆಟ್ಟಿನಲ್ಲಿತ್ತು. ತೋಳಗಳಿಗೆ ಹಸಿಮಾಂಸ ಕತ್ತರಿಸುತ್ತಿದ್ದವಳು ನಾನೇ. ಟಾಕ್ಸೊಪ್ಲಾಸ್ಮಾ, ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಮೂರೂ ಹಸಿಮಾಂಸದಿಂದ ಬರಬಹುದು. ಮೊದಲನೆಯದೂ ಕೊನೆಯದೂ ಹೊಟ್ಟೆಯ ಮಗುವನ್ನೂ ತಲುಪುತ್ತವೆ. ಮನೆಯ ನಾಯಿಗೆ ಹಸಿಮಾಂಸ ಹಾಕುವವರಿಗೂ ಈ ಮಾತು ಸಲ್ಲುತ್ತದೆ.

ಸೀಮಂತಕ್ಕೆ ಊರಿಗೆ ಹೋಗುವವರಿಗೆ ಇನ್ನೊಂದು ಮಾತು. ಬೀದಿನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪುನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಬಸುರಿ ಎಂದು ರೇಬಿಸ್ ಚುಚ್ಚುಮದ್ದು ಬೇಡವೆನ್ನಬೇಡಿ. ಬಸುರಿಯರಿಗೂ ಅದನ್ನು ಕೊಡಲೇಬೇಕು.

ಕೊನೆಗೆ ನಾವು ತೀರ್ಮಾನಿಸಿದ್ದು ಇಷ್ಟು. ನಾಯಿ ಮನೆಯಲ್ಲೇ ಇರುತ್ತದೆ, ಮಗುವಿನ ಕೋಣೆಗೆ ಪ್ರವೇಶವಿಲ್ಲ. ಮಗುವಿನೊಡನೆ ಅದನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡುವುದಿಲ್ಲ. ಆಶ್ರಯಧಾಮದಲ್ಲಿ ನನಗೀಗ ಬೇಲಿಯ ಹೊರಗಿನ ಕೆಲಸ: ಬಂದವರಿಗೆ ತೋಳಗಳ ವಿಷಯ ಹೇಳುವುದು.

ಅಲ್ಲಿ ಹೇಳುವ ಒಂದು ಸಂಗತಿಯನ್ನು ಅಮ್ಮನಿಗೂ ಹೇಳಿದೆ. ತೋಳ ಎರಡು ತಿಂಗಳು ಹೊತ್ತು ಮರಿ ಹಾಕುತ್ತದೆ. ತಾಯಿ ಗವಿ ಬಿಟ್ಟು ಹೊರಡದ ದಿನಗಳಲ್ಲಿ ಗುಂಪಿನವೇ ಅದಕ್ಕೆ ಆಹಾರ ತಂದುಕೊಡುತ್ತವೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರೆ ತೋಳಕ್ಕೂ ಬಾಣಂತನ ಮಾಡೋರಿದಾರೆ ಅನ್ನು" ಎಂದರು. ನಾಯಿಯ ಮಾತು ಮತ್ತೆ ಎತ್ತಲಿಲ್ಲ.